ತೋಳು ಎತ್ತದ ಹಸುಗೂಸು: ಕಾಯಬೇಕೆ, ಥೆರಪಿ ಶುರು ಮಾಡಬೇಕೆ?

ಪ್ರಶ್ನೆ: ನನ್ನ ತವರು ಬೇಲೂರು ತಾಲ್ಲೂಕಿನ ಒಂದು ಹಳ್ಳಿ, ಗಂಡನ ಮನೆ ಮೂಡಿಗೆರೆ ತಾಲ್ಲೂಕು. ಇದು ಮೊದಲ ಹೆರಿಗೆ. ಮಗನಿಗೆ ಈಗ ಹತ್ತು ವಾರ. ಹುಟ್ಟಿದಾಗ 4 ಕಿಲೋ 100 ಗ್ರಾಂ ಇದ್ದ. ತಲೆ ಹೊರಗೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತು, ಕಷ್ಟಪಟ್ಟು ತೆಗೆದರು. ಹುಟ್ಟಿದ ಕೂಡಲೇ ಅಳಲಿಲ್ಲ, ಮಾರನೆಯ ದಿನ ಫಿಟ್ಸ್ ಬಂತು. ಹಾಸನದಲ್ಲಿ ಒಂಬತ್ತು ದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಫಿಟ್ಸ್‌ಗೆ ಕೊಟ್ಟ ಔಷಧಿ ಇನ್ನೂ ನಡೆಯುತ್ತಿದೆ. ಬಲಗೈ ಎತ್ತುವುದೇ ಇಲ್ಲ, ಬೆರಳು ಮಾತ್ರ ಆಡಿಸುತ್ತಾನೆ. "ನರ ಎಳೆದಿದೆ, ತಾನಾಗಿ ಸರಿಹೋಗುತ್ತದೆ, ಆರು ತಿಂಗಳು ನೋಡೋಣ" ಎಂದು ಡಾಕ್ಟರು ಹೇಳಿದ್ದಾರೆ. ನೀರು ಹಾಕಲು ಬರುವ ಅಜ್ಜಿ ಕೈಯನ್ನು ಎಳೆದು ತೀಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಆಶಾ ಅಕ್ಕ ಥೆರಪಿ ಮಾಡಿಸಿ ಎಂದರು. ಇಷ್ಟು ಎಳೆಯ ಮಗುವಿಗೆ ಥೆರಪಿ ಎಂದರೆ ಏನು ಮಾಡುತ್ತಾರೆ? ಎಲ್ಲಿ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ? ಏಳನೆಯ ತಿಂಗಳವರೆಗೆ ತೋಟದ ಕೆಲಸಕ್ಕೆ ಹೋಗಿದ್ದೆ, ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?

ಉತ್ತರ: ಆರು ತಿಂಗಳು ಕಾಯಬೇಡಿ. ಈ ವಾರವೇ ಹೊರಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಮನೆಯಲ್ಲಿ ನಾಲ್ಕು ಜನರಿಗೆ ನೀವೇ ಇದನ್ನು ತಿಳಿಸಿ ಹೇಳಬೇಕಾಗುತ್ತದೆ.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ಹೆರಿಗೆಯಲ್ಲಿ ಎಳೆತಕ್ಕೆ ಸಿಕ್ಕಿದ ತೋಳಿನ ನರಗಳು ಬಹುಪಾಲು ಮಕ್ಕಳಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತವೆ. ಆದರೆ ನರ ಚೇತರಿಸಿಕೊಳ್ಳುವವರೆಗೆ ಭುಜದ ಕೀಲು ಕಾಯುವುದಿಲ್ಲ, ಅದು ಬಿಗಿದುಕೊಳ್ಳುತ್ತಾ ಹೋಗುತ್ತದೆ. ಚೇತರಿಸಿಕೊಳ್ಳದ ಕೆಲವು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದಕ್ಕೂ ಒಂದು ಕಾಲಮಿತಿ ಇದೆ. ಇದಲ್ಲದೆ ನಿಮ್ಮ ಪತ್ರದಲ್ಲಿ ಕೈಗಿಂತ ಹೆಚ್ಚು ನನ್ನ ಗಮನ ಹೋಗಿದ್ದು ಇನ್ನೊಂದು ಸಂಗತಿಯ ಕಡೆಗೆ. ಮಗು ಹುಟ್ಟಿದ ತಕ್ಷಣ ಅಳಲಿಲ್ಲ, ಮಾರನೆಯ ದಿನ ಫಿಟ್ಸ್ ಬಂತು ಎಂದಿದ್ದೀರಿ. ಎಂದರೆ ಮಿದುಳಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಾಕಾಗದೆ ಹೋಗಿರಬಹುದು. ಕೈಯ ನರದ ಪೆಟ್ಟು ಮತ್ತು ಮಿದುಳಿನ ಪೆಟ್ಟು ಎರಡೂ ಒಂದೇ ಹೆರಿಗೆಯಲ್ಲಿ ಆಗಿದ್ದರೂ ಅವು ಬೇರೆ ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಕಣ್ಣಿಗೆ ಕಾಣುವ ಕೈಯ ಚಿಂತೆಯಲ್ಲಿ ಎರಡನೆಯದನ್ನು ಮರೆತುಬಿಡುವ ಮನೆಗಳನ್ನು ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿ ನಾನು ಬಹಳ ಕಂಡಿದ್ದೇನೆ.

ಮೊದಲು ಕೈಯ ವಿಚಾರ. ಕತ್ತಿನ ಬೆನ್ನುಹುರಿಯಿಂದ ಹೊರಟು ತೋಳಿಗೆ ಹೋಗುವ ಐದು ನರಬೇರುಗಳಿವೆ. ಭುಜ ಸಿಕ್ಕಿಕೊಂಡಾಗ ತಲೆ ಒಂದು ಕಡೆಗೆ ವಾಲಿ, ಮೇಲಿನ ಎರಡು ಬೇರುಗಳು ಹೆಚ್ಚು ಎಳೆಯಲ್ಪಡುತ್ತವೆ. ಭುಜವನ್ನು ಎತ್ತುವುದು, ತೋಳನ್ನು ಹೊರಕ್ಕೆ ತಿರುಗಿಸುವುದು, ಮೊಣಕೈ ಮಡಚುವುದು ಈ ಎರಡರ ಕೆಲಸ. ಬೆರಳುಗಳಿಗೆ ಹೋಗುವವು ಕೆಳಗಿನ ಬೇರುಗಳು. ನಿಮ್ಮ ಮಗ ಬೆರಳು ಆಡಿಸುತ್ತಾನೆ ಎಂದರೆ ಕೆಳಗಿನವು ಉಳಿದುಕೊಂಡಿವೆ. ಇದು ನಿಜಕ್ಕೂ ಒಳ್ಳೆಯ ಲಕ್ಷಣ. ಮೇಲಿನ ಬೇರುಗಳಿಗಷ್ಟೇ ಆದ ಇಂಥ ಪೆಟ್ಟನ್ನು ಎರ್ಬ್ಸ್ ಪಾಲ್ಸಿ ಎನ್ನುತ್ತಾರೆ. ನರ ಬರೀ ಹಿಗ್ಗಿದ್ದರೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಚಲನೆ ಮರಳುತ್ತದೆ. ಒಳಗಿನ ಎಳೆಗಳು ಹರಿದಿದ್ದರೆ ಅವು ಮತ್ತೆ ಬೆಳೆಯಬೇಕು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ, ಹಾಗಾಗಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೇರು ಪೂರ್ತಿ ಕಿತ್ತುಹೋಗಿದ್ದರೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ.

ಯಾವುದು ಆಗಿದೆ ಎಂದು ತಿಳಿಯುವ ದೊಡ್ಡ ಗುರುತು ಮೊಣಕೈ. ಮೂರು ತಿಂಗಳು ತುಂಬುವ ಹೊತ್ತಿಗೆ ಮಗು ತಾನಾಗಿ ಮೊಣಕೈ ಮಡಚಿ ಕೈಯನ್ನು ಬಾಯಿಯ ಕಡೆಗೆ ತರಲು ಪ್ರಯತ್ನಿಸುತ್ತಿರಬೇಕು. ಅದು ಕಾಣದಿದ್ದರೆ ನರಗಳ ಶಸ್ತ್ರಚಿಕಿತ್ಸಾ ತಜ್ಞರಿಗೆ ತೋರಿಸಬೇಕು. ತೋರಿಸಿದ ಮಾತ್ರಕ್ಕೆ ಕೊಯ್ದುಬಿಡುತ್ತಾರೆ ಎಂದಲ್ಲ. ಆದರೆ ಬೇಕಾದಲ್ಲಿ ಆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳೊಳಗೆ ಆಗಬೇಕು, ತಡವಾದಷ್ಟೂ ಫಲ ಕಡಿಮೆ. ನಿಮ್ಮ ಮಗನಿಗೆ ಮೂರು ತಿಂಗಳಾಗಲು ಇನ್ನು ಎರಡು ಮೂರು ವಾರ ಉಳಿದಿದೆ. ಆರು ತಿಂಗಳವರೆಗೆ ಮನೆಯಲ್ಲಿ ಕುಳಿತು ಆಮೇಲೆ ಬೆಂಗಳೂರಿನ ತಜ್ಞರ ಸರದಿಗೆ ಕಾದರೆ, ಇರುವ ಸಮಯವೆಲ್ಲ ಅದರಲ್ಲೇ ಮುಗಿಯುತ್ತದೆ. ಮೂರು ತಿಂಗಳ ದಿನಕ್ಕೆ ಮಕ್ಕಳ ವೈದ್ಯರ ಮುಂದೆ ಮೊಣಕೈಯನ್ನು ಪರೀಕ್ಷೆ ಮಾಡಿಸಿ, ಮಡಚುತ್ತಿಲ್ಲವಾದರೆ ಪತ್ರ ಬರೆಸಿಕೊಳ್ಳಿ. ಬಲಗಣ್ಣಿನ ರೆಪ್ಪೆ ಜೋತುಬಿದ್ದಿದ್ದರೆ ಅಥವಾ ಮಗು ಸದಾ ಏದುಸಿರು ಬಿಡುತ್ತಿದ್ದರೆ ಮೂರು ತಿಂಗಳಿಗೂ ಕಾಯಬೇಡಿ, ಅವು ಆಳವಾದ ಗಾಯದ ಸೂಚನೆಗಳು. ಹುಟ್ಟಿದಾಗ ಹೆಗಲೆಲುಬಿನ ಎಕ್ಸ್‌ರೇ ತೆಗೆದಿದ್ದರೋ ಎಂದೂ ಕೇಳಿ. ಭುಜ ಸಿಕ್ಕಿಕೊಂಡ ಹೆರಿಗೆಯಲ್ಲಿ ಆ ಎಲುಬು ಮುರಿಯುವುದುಂಟು. ಅದು ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ನಿಮ್ಮ ಮಗನಿಗೆ ಈಗ ಅದರ ಭಯವಿಲ್ಲ.

ನೀರು ಹಾಕುವ ಅಜ್ಜಿಯ ಮಾತಿಗೆ ಬರುತ್ತೇನೆ. ಅವರ ಬಗ್ಗೆ ನನಗೆ ಗೌರವವಿದೆ. ಬಾಣಂತಿಯ ಮನೆಯಲ್ಲಿ ತಾಯಿಗೂ ಮಗುವಿಗೂ ಅಷ್ಟು ಹೊತ್ತು ಕೈ ಹಾಕಿ ಆರೈಕೆ ಮಾಡುವವರು ಬೇರೆ ಯಾರೂ ಇಲ್ಲ. ಅವರನ್ನು ಬಿಡಿಸಬೇಡಿ, ಆದರೆ ಈ ಕೈಯನ್ನು ಎಳೆಯುವುದನ್ನು ಇಂದಿನಿಂದಲೇ ನಿಲ್ಲಿಸಿ. ಎಳೆತದಿಂದಲೇ ಪೆಟ್ಟಾದ ನರ ಇದು. ಎರಡೂ ಕೈ ಹಿಡಿದು ತೂಗಾಡಿಸುವುದು, ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಹಾಕಿ ಜಗ್ಗುವುದು, ಕತ್ತು ನೀವಿ ತಿರುಗಿಸುವುದು ಬೇಡ. ಮೈಗೆ ಎಣ್ಣೆ ಹಚ್ಚಿ ಹಗುರವಾಗಿ ತೀಡಬಹುದು. ಬಲಗೈಗೂ ಅದೇ ಮೃದುವಾದ ಸ್ಪರ್ಶ ಬೇಕು, ಅದನ್ನು ಬಿಟ್ಟುಬಿಡಬಾರದು. ನೀರಿನ ಬಿಸಿಯ ಬಗ್ಗೆ ಎಚ್ಚರವಿರಲಿ. ಈ ಕೈಯಲ್ಲಿ ಸ್ಪರ್ಶಜ್ಞಾನ ಕಡಿಮೆ ಇರಬಹುದು, ಹಂಡೆಯ ನೀರು ಸುಟ್ಟರೂ ಮಗು ಕೈ ಹಿಂದಕ್ಕೆ ಎಳೆದುಕೊಳ್ಳಲಾರದು. ಕೆಂಡದ ಶಾಖ ಕೊಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಈ ಕೈಯನ್ನು ಅದರಿಂದ ದೂರವಿಡಿ.

ಈ ಕೈಗೆ ಮಾಡಬೇಕಾದದ್ದು ಬೇರೆ. ಭುಜ ಒಳಕ್ಕೆ ತಿರುಗಿ ಬಿಗಿದುಕೊಳ್ಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಮಗುವನ್ನು ಅಂಗಾತ ಮಲಗಿಸಿ, ಬಲ ಮೊಣಕೈಯನ್ನು ಮಡಚಿ ಪಕ್ಕೆಗೆ ತಾಗಿಸಿ ಹಿಡಿದು, ಮುಂಗೈಯನ್ನು ನಿಧಾನವಾಗಿ ಹೊರಗಡೆಗೆ ತಿರುಗಿಸುವುದು ಇದರ ಮುಖ್ಯ ವ್ಯಾಯಾಮ. ಜೊತೆಗೆ ತೋಳನ್ನು ಮೆಲ್ಲಗೆ ಮೇಲೆತ್ತುವುದು, ಮೊಣಕೈ ಮಡಚಿ ಬಿಡಿಸುವುದು, ಅಂಗೈ ಮೇಲ್ಮುಖವಾಗುವಂತೆ ಮುಂಗೈ ತಿರುಗಿಸುವುದು ಇರುತ್ತದೆ. ಇದನ್ನು ಓದಿ ಮಾಡಬೇಡಿ. ಥೆರಪಿಸ್ಟ್ ನಿಮ್ಮ ಕೈಯ ಮೇಲೆ ತಮ್ಮ ಕೈಯಿಟ್ಟು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿದ ಮೇಲೆ ಮಾಡಿ. ಒಮ್ಮೆ ಕಲಿತರೆ ಪ್ರತಿ ಸಲ ಬಟ್ಟೆ ಬದಲಿಸುವಾಗ ಒಂದೆರಡು ನಿಮಿಷ ಸಾಕು, ಅದಕ್ಕಾಗಿ ಬೇರೆ ಹೊತ್ತು ಹೊಂದಿಸಬೇಕಿಲ್ಲ. ಅಂಗಿ ಹಾಕುವಾಗ ಬಲಗೈಯನ್ನು ಮೊದಲು ತೂರಿಸಿ, ತೆಗೆಯುವಾಗ ಕೊನೆಗೆ ಬಿಡಿಸಿ. ಕಂಕುಳಲ್ಲಿ ಕೈ ಹಾಕಿ ಎತ್ತಬೇಡಿ, ಬೆನ್ನು ಮತ್ತು ಕುಂಡೆಯ ಕೆಳಗೆ ಆಧಾರ ಕೊಟ್ಟು ಎತ್ತಿ. ಹೆಗಲ ಮೇಲೆ ಹಾಕಿಕೊಂಡಾಗ ಕೈ ಹಿಂದಕ್ಕೆ ಜೋತಾಡದಿರಲಿ. ದಿನಕ್ಕೆ ಹಲವು ಸಲ ಆ ಕೈಯನ್ನು ಅವನ ಕಣ್ಣೆದುರಿಗೆ ತಂದು, ಬಾಯಿಗೆ ಮುಟ್ಟಿಸಿ, ಇನ್ನೊಂದು ಕೈಯ ಜೊತೆ ಸೇರಿಸಿ. ತನಗೆ ಎರಡು ಕೈಗಳಿವೆ ಎಂಬುದನ್ನು ಮಗು ಮರೆಯಬಾರದು. ಇಂಥ ಮಕ್ಕಳು ಪೆಟ್ಟಾದ ಕೈಯ ಕಡೆಗೆ ಮುಖ ತಿರುಗಿಸುವುದೇ ಕಡಿಮೆ, ಕತ್ತು ಇನ್ನೊಂದು ಕಡೆಗೇ ಬಿಗಿಯುತ್ತದೆ. ಆದ್ದರಿಂದ ಮಾತಾಡಿಸುವಾಗ, ಗಿಲಕಿ ಆಡಿಸುವಾಗ ಬಲಗಡೆಯಿಂದ ಬನ್ನಿ. ಕರೆಂಟು ಕೊಡುವ ಯಂತ್ರದ ಹಿಂದೆ ಹೋಗಬೇಡಿ. ಅದರಿಂದ ಲಾಭವಿದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೆಲಸ ಮಾಡುವುದು ಈ ದಿನನಿತ್ಯದ ವ್ಯಾಯಾಮವೇ.

ಈಗ ಮಿದುಳಿನ ವಿಚಾರ, ಇದು ಸ್ವಲ್ಪ ಉದ್ದವಾಗುತ್ತದೆ. ಹುಟ್ಟುವಾಗ ಆಮ್ಲಜನಕ ಕಡಿಮೆಯಾದ ಎಲ್ಲ ಮಕ್ಕಳಿಗೂ ತೊಂದರೆ ಉಳಿಯುವುದಿಲ್ಲ. ಪೆಟ್ಟು ಸೌಮ್ಯವಾಗಿದ್ದರೆ ಹೆಚ್ಚಿನ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ. ಮಧ್ಯಮ ಅಥವಾ ತೀವ್ರವಾಗಿದ್ದರೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಪೆಟ್ಟಿನಿಂದ ಮೈಯ ಚಲನೆಯ ಹಿಡಿತ ಕೆಡುವ ಸ್ಥಿತಿ), ಕಲಿಕೆಯಲ್ಲಿ ನಿಧಾನ, ಕಿವಿ ಅಥವಾ ದೃಷ್ಟಿಯ ದೋಷ ಬರುವ ಸಂಭವ ಹೆಚ್ಚು. ಫಿಟ್ಸ್ ಬಂದಿತ್ತು ಎನ್ನುವುದರಿಂದ ನಿಮ್ಮ ಮಗುವನ್ನು ಸೌಮ್ಯ ಗುಂಪಿಗೆ ಸೇರಿಸಿ ನಿಶ್ಚಿಂತರಾಗಿ ಇರಲಾಗದು. ಹಾಗೆಂದು ಆಗಲೇ ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ ಎಂದೂ ಹೇಳಲಾಗದು. ಹತ್ತು ವಾರದ ಮಗುವಿನಲ್ಲಿ ಅದು ನಿಶ್ಚಯವಾಗಿ ಗೊತ್ತಾಗುವುದಿಲ್ಲ.

ಇಲ್ಲಿಯೇ ಎಷ್ಟೋ ಕುಟುಂಬಗಳು ಎಡವುವುದು. ಕಾಯಿಲೆಯ ಹೆಸರು ಗೊತ್ತಾಗಲಿ, ಆಮೇಲೆ ಚಿಕಿತ್ಸೆ ಎಂದುಕೊಳ್ಳುತ್ತಾರೆ. ಒಂದು ವರ್ಷಕ್ಕೆ ಕುಳಿತುಕೊಳ್ಳದಿದ್ದಾಗ, ಒಂದೂವರೆ ವರ್ಷಕ್ಕೆ ನಿಲ್ಲದಿದ್ದಾಗ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಅಷ್ಟರಲ್ಲಿ ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲದ ಹೆಚ್ಚಿನ ಪಾಲು ಹೋಗಿರುತ್ತದೆ. ಮೊದಲ ಎರಡು ವರ್ಷಗಳಲ್ಲಿ ಮಿದುಳು ಬಳಸಿದ ಸಂಪರ್ಕಗಳನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಬಳಸದವನ್ನು ಕೈಬಿಡುತ್ತದೆ. ಪೆಟ್ಟಾದ ಜಾಗದ ಕೆಲಸವನ್ನು ಉಳಿದ ಜಾಗ ವಹಿಸಿಕೊಳ್ಳುವ ಸಾಧ್ಯತೆ ಹೆಚ್ಚಾಗಿರುವುದೂ ಆಗಲೇ. ಅಪಾಯವಿದೆ ಎನ್ನುವುದಷ್ಟೇ ಥೆರಪಿ ಆರಂಭಿಸಲು ಸಾಕಾದ ಕಾರಣ. ಮುಂದೆ ಮಗುವಿಗೆ ಏನೂ ತೊಂದರೆಯಿಲ್ಲ ಎಂದು ಗೊತ್ತಾದರೆ ನಷ್ಟವೇನೂ ಆಗಿರುವುದಿಲ್ಲ, ಮಗುವಿನ ಜೊತೆ ಹೆಚ್ಚು ಆಡಿರುತ್ತೀರಿ ಅಷ್ಟೆ. ತೊಂದರೆಯಿದೆ ಎಂದು ಗೊತ್ತಾದರೆ ಅಮೂಲ್ಯ ತಿಂಗಳುಗಳನ್ನು ಉಳಿಸಿಕೊಂಡಿರುತ್ತೀರಿ.

ಅಪಾಯ ಎಷ್ಟು ಎಂದು ಅಳೆಯುವ ಒಳ್ಳೆಯ ವಿಧಾನಗಳೂ ಈಗ ಇವೆ. ಮೂರರಿಂದ ಐದು ತಿಂಗಳ ನಡುವೆ ಆರೋಗ್ಯವಂತ ಮಗು ಸುಮ್ಮನೆ ಮಲಗಿದ್ದಾಗ ಕತ್ತು, ಭುಜ, ಮಣಿಕಟ್ಟು, ಪಾದಗಳಲ್ಲಿ ಸಣ್ಣ ಸಣ್ಣ ಚಲನೆಗಳು ಒಂದೇ ಸಮನೆ ಕಾಣುತ್ತವೆ. ತರಬೇತಿ ಪಡೆದವರು ಕೆಲವು ನಿಮಿಷದ ವಿಡಿಯೊ ನೋಡಿ, ಆ ಚಲನೆಗಳು ಇವೆಯೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ಹೇಳಬಲ್ಲರು; ಇದನ್ನು ಜನರಲ್ ಮೂವ್‌ಮೆಂಟ್ಸ್ ಪರೀಕ್ಷೆ ಎನ್ನುತ್ತಾರೆ. ಆ ವಿಡಿಯೊವನ್ನು ನಿಮ್ಮ ಮೊಬೈಲಿನಲ್ಲೇ ತೆಗೆಯಬಹುದು. ಮಗುವಿಗೆ ಹನ್ನೆರಡರಿಂದ ಹದಿನಾರು ವಾರವಾದಾಗ, ಹಾಲು ಕುಡಿದು ಎಚ್ಚರವಾಗಿ ಖುಷಿಯಾಗಿರುವ ಹೊತ್ತಿನಲ್ಲಿ, ಕಡಿಮೆ ಬಟ್ಟೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿಸಿ, ಯಾರೂ ಮಾತಾಡಿಸದೆ, ಇಡೀ ಮೈ ಕಾಣುವಂತೆ ಮೇಲಿನಿಂದ ಐದು ನಿಮಿಷ ಹಿಡಿಯಿರಿ. ಅಳುತ್ತಿದ್ದರೆ, ಬಾಯಲ್ಲಿ ಬೆರಳು ಚೀಪುತ್ತಿದ್ದರೆ ಉಪಯೋಗವಿಲ್ಲ. ಹ್ಯಾಮರ್‌ಸ್ಮಿತ್ ಶಿಶು ನರ ಪರೀಕ್ಷೆ ಎಂಬುದು ಇನ್ನೊಂದು ವಿಧಾನ. ಯಂತ್ರವಿಲ್ಲದೆ, ಹಾಸಿಗೆಯ ಮೇಲೆ, ಕೆಲವೇ ನಿಮಿಷಗಳಲ್ಲಿ 26 ಅಂಶಗಳನ್ನು ನೋಡಿ 78ಕ್ಕೆ ಅಂಕ ಕೊಡುತ್ತಾರೆ. ಎರಡು ತಿಂಗಳಿಂದ ಎರಡು ವರ್ಷದವರೆಗೆ ಮಾಡಬಹುದು. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ತಲೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸುವುದನ್ನೂ ಮರೆಯಬೇಡಿ. ತಲೆ ಬೆಳೆಯುವುದು ನಿಂತರೆ ಅದೊಂದು ಮುಖ್ಯ ಸುಳಿವು.

ಇಷ್ಟು ಎಳೆಯ ಮಗುವಿಗೆ ಏನು ಥೆರಪಿ ಮಾಡುತ್ತಾರೆ ಎಂದು ಕೇಳಿದ್ದೀರಿ. ಥೆರಪಿ ಎಂದರೆ ಯಾರೋ ಒಬ್ಬರು ಮಗುವಿನ ಕೈಕಾಲು ಆಡಿಸಿ ಕಳುಹಿಸುವುದಲ್ಲ. ಎಳೆಯ ಮಿದುಳು ಕಲಿಯುವುದು ಮಗು ತಾನಾಗಿ ಮಾಡಿದಾಗ. ಥೆರಪಿಸ್ಟ್ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಅರ್ಧ ಗಂಟೆ ನೋಡಬಹುದು. ಉಳಿದ ಹೊತ್ತೆಲ್ಲ ಮಗು ನಿಮ್ಮ ಜೊತೆ ಇರುತ್ತದೆ. ನಿಜವಾದ ಥೆರಪಿ ನಡೆಯುವುದು ನಿಮ್ಮ ಮನೆಯ ಚಾಪೆಯ ಮೇಲೆ. ಆದ್ದರಿಂದ ಥೆರಪಿಸ್ಟರ ಕೊಠಡಿಗೆ ಹೋದಾಗ ಹೊರಗಿನ ಬೆಂಚಿನ ಮೇಲೆ ಕೂರಬೇಡಿ. ಒಳಗೆ ನಿಂತು ನೋಡಿ, ನೀವೇ ಮಾಡಿ ತೋರಿಸಿ, ಈ ವಾರ ಮಗು ಏನನ್ನು ಕಲಿಯಬೇಕೆಂದು ಗುರಿ ಇಟ್ಟುಕೊಂಡಿದ್ದೇವೆ ಎಂದು ಕೇಳಿ. ತಾಯಿಯನ್ನು ಹೊರಗೆ ಕೂರಿಸುವ ಥೆರಪಿಸ್ಟ್ ನನಗೆ ಒಪ್ಪಿಗೆಯಿಲ್ಲ, ಅವರು ಎಷ್ಟೇ ಹೆಸರಾಂತರಾಗಿದ್ದರೂ ಸರಿ.

ಈ ವಯಸ್ಸಿನಲ್ಲಿ ಮಾಡುವುದು ಇವನ್ನು. ಎಚ್ಚರವಿದ್ದಾಗ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸಿ ಕತ್ತೆತ್ತಲು ಹುರಿದುಂಬಿಸುವುದು. ಮೊದಮೊದಲು ನೀವು ಅರ್ಧ ಒರಗಿ ಕುಳಿತು ನಿಮ್ಮ ಎದೆಯ ಮೇಲೇ ಬೋರಲು ಹಾಕಿಕೊಳ್ಳಿ, ನಿಮ್ಮ ಮುಖ ನೋಡಲು ಅವನು ತಲೆ ಎತ್ತುತ್ತಾನೆ. ಬಲಗೈ ಮೈಯ ಕೆಳಗೆ ಸಿಕ್ಕಿಕೊಳ್ಳದಂತೆ ಮೊಣಕೈಯನ್ನು ಮುಂದಕ್ಕೆ ತಂದು ಊರಿಸಿ. ಮಗ್ಗುಲಾಗಿ ಮಲಗಿಸಿ ಎರಡೂ ಕೈ ಮುಂದೆ ಸೇರುವಂತೆ ಮಾಡಿ. ಮುಖದಿಂದ ಒಂದಡಿ ದೂರದಲ್ಲಿ ಕೆಂಪು ಬಟ್ಟೆಯ ಚೆಂಡು ಹಿಡಿದು ನಿಧಾನವಾಗಿ ಆಚೀಚೆ ಸರಿಸಿ, ಕಣ್ಣು ಹಿಂಬಾಲಿಸುತ್ತದೆಯೇ ನೋಡಿ. ಅವನು ಸದ್ದು ಮಾಡಿದರೆ ನೀವೂ ಅದೇ ಸದ್ದು ಮಾಡಿ, ನಿಲ್ಲಿಸಿ, ಅವನ ಸರದಿಗೆ ಕಾಯಿರಿ. ಜೋಲಿಯಲ್ಲಿ ಮಲಗಿಸುವುದು ನಿದ್ದೆಗೆ ಮಾತ್ರ ಇರಲಿ. ಎಚ್ಚರವಿರುವಾಗಲೂ ಅಲ್ಲೇ ಬಿಟ್ಟರೆ ಬಟ್ಟೆ ಮೈಯನ್ನು ಸುತ್ತಿಕೊಂಡು ಕೈಕಾಲು ಬಡಿಯಲು ಜಾಗವೇ ಇರುವುದಿಲ್ಲ. ಮುಂದೆ ಯಾರಾದರೂ ವಾಕರ್ ತಂದುಕೊಟ್ಟರೆ ಅಟ್ಟಕ್ಕೆ ಹಾಕಿ.

ಮುಂದಿನ ತಿಂಗಳುಗಳಲ್ಲಿ ಗಮನಿಸಬೇಕಾದವು ಕೆಲವಿವೆ. ಈಗಾಗಲೇ ಅವನು ನಿಮ್ಮ ಮುಖ ನೋಡಿ ನಗುತ್ತಿರಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಮೂರು ತಿಂಗಳಾದ ಮೇಲೂ ಎಡಗೈಯ ಮುಷ್ಟಿ ಸದಾ ಬಿಗಿದೇ ಇರುವುದು, ಹೆಬ್ಬೆರಳು ಒಳಗೆ ಮಡಚಿಕೊಂಡಿರುವುದು, ಬಟ್ಟೆ ಬದಲಿಸುವಾಗ ಕಾಲು ಅಗಲಿಸಲು ಬಾರದಷ್ಟು ಬಿಗಿಯಾಗಿರುವುದು, ಬಿಲ್ಲಿನಂತೆ ಬೆನ್ನು ಹಿಂದಕ್ಕೆ ಬಾಗಿಸುವುದು, ಹಾಲು ಕುಡಿಯುವಾಗ ಪದೇ ಪದೇ ನೆತ್ತಿಗೆ ಹತ್ತುವುದು ಕಂಡರೆ ತಕ್ಷಣ ತಿಳಿಸಿ. ಎಡಗೈ ಎಂದು ಬೇಕೆಂದೇ ಹೇಳಿದೆ. ಬಲಗೈ ನರದ ಪೆಟ್ಟಿನಿಂದ ಸುಮ್ಮನಿದೆ, ಮಿದುಳಿನ ಸ್ಥಿತಿ ಓದಲು ಎಡಗೈ ಮತ್ತು ಎರಡೂ ಕಾಲುಗಳನ್ನು ನೋಡಬೇಕು.

ಒಂದು ಸಂಗತಿಯನ್ನು ಒತ್ತಿ ಹೇಳುತ್ತೇನೆ. ಮೂರು ತಿಂಗಳಿಂದ ಒಂದು ವರ್ಷದ ಒಳಗೆ, ಇಂಥ ಮಕ್ಕಳಲ್ಲಿ ಒಂದು ಬಗೆಯ ಫಿಟ್ಸ್ ಬರಬಹುದು. ಅದು ಫಿಟ್ಸ್‌ನಂತೆ ಕಾಣುವುದೇ ಇಲ್ಲ. ಹೆಚ್ಚಾಗಿ ನಿದ್ದೆಯಿಂದ ಎದ್ದ ಕೂಡಲೇ ಮಗು ತಟ್ಟನೆ ತಲೆ ಬಾಗಿಸಿ, ಕೈಗಳನ್ನು ಚಾಚಿ, ಒಂದೆರಡು ಕ್ಷಣ ಮುದುಡಿಕೊಳ್ಳುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಹಾಗೆಯೇ, ಒಂದರ ಹಿಂದೊಂದು ಸಾಲಾಗಿ. ಮನೆಯವರು ಬೆಚ್ಚಿಬಿದ್ದ, ಹೊಟ್ಟೆನೋವು, ದೃಷ್ಟಿಯಾಗಿದೆ ಎಂದುಕೊಳ್ಳುತ್ತಾರೆ. ದಿನ ಕಳೆದಷ್ಟೂ ಇದು ಮಿದುಳಿನ ಬೆಳವಣಿಗೆಯನ್ನು ಹಾಳು ಮಾಡುತ್ತದೆ. ಕಂಡರೆ ಮೊಬೈಲಿನಲ್ಲಿ ವಿಡಿಯೊ ಹಿಡಿದು ಅಂದೇ, ಹೆಚ್ಚೆಂದರೆ ಮರುದಿನ ಮಕ್ಕಳ ವೈದ್ಯರ ಬಳಿಗೆ ಹೋಗಿ. ಈಗ ಕೊಡುತ್ತಿರುವ ಔಷಧಿಯನ್ನು ಫಿಟ್ಸ್ ಬಂದಿಲ್ಲವಲ್ಲ ಎಂದು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಬಹುದೇ, ಹೇಗೆ ಕಡಿಮೆ ಮಾಡುವುದು ಎಂದು ವೈದ್ಯರನ್ನೇ ಕೇಳಿ. ಐದು ನಿಮಿಷ ದಾಟಿದ ಯಾವುದೇ ಫಿಟ್ಸ್‌ಗೆ 108ಕ್ಕೆ ಕರೆ ಮಾಡಿ.

ಕಿವಿಯ ಪರೀಕ್ಷೆ ಆಗಿದೆಯೇ ಎಂದು ನೀವು ಬರೆದಿಲ್ಲ. ಹುಟ್ಟಿದಾಗ ಉಸಿರುಕಟ್ಟಿ ವಿಶೇಷ ಘಟಕದಲ್ಲಿದ್ದ ಮಗುವಿಗೆ ಇದು ಕಡ್ಡಾಯವೆಂದೇ ತಿಳಿಯಿರಿ. ಕಿವಿಯೊಳಗೆ ಸಣ್ಣ ಬಿರಡೆ ಇಟ್ಟು ಮಾಡುವ ಓಎಇ ಪರೀಕ್ಷೆಯೊಂದೇ ಸಾಲದು, ಕಿವಿಯಿಂದ ಮಿದುಳಿನವರೆಗಿನ ನರವನ್ನೂ ನೋಡುವ ಬೆರಾ ಪರೀಕ್ಷೆ ಬೇಕು. ದೋಷವಿದ್ದರೆ ಮೂರು ತಿಂಗಳೊಳಗೆ ಪತ್ತೆಯಾಗಿ ಆರು ತಿಂಗಳೊಳಗೆ ಶ್ರವಣ ಸಾಧನ ಬಂದರೆ ಮಾತು ಹಿಂದೆ ಬೀಳುವುದು ಕಡಿಮೆ. ಹತ್ತಿರದಲ್ಲಿ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಹಾಸನದಿಂದ ಮೈಸೂರಿಗೆ ಬಸ್ಸೂ ರೈಲೂ ಇವೆ. ಒಂದು ದಿನದ ಪ್ರಯಾಣ ಅದಕ್ಕೆ ವ್ಯರ್ಥವಲ್ಲ.

ಎಲ್ಲಿಗೆ ಹೋಗಬೇಕು ಎಂಬುದು ನಿಮ್ಮ ದೊಡ್ಡ ಪ್ರಶ್ನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆಗಳನ್ನು ಪತ್ತೆ ಮಾಡಿ ಉಚಿತವಾಗಿ ಚಿಕಿತ್ಸೆ ಕೊಡುವ ಏರ್ಪಾಡಿದೆ. ಅದರ ಭಾಗವಾಗಿ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ, ಇಂಥ ತೊಂದರೆಗಳನ್ನು ಆರಂಭದಲ್ಲೇ ನೋಡಿಕೊಳ್ಳಲು ಡಿಇಐಸಿ ಎಂದು ಕರೆಯುವ ಕೇಂದ್ರವಿರುತ್ತದೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ಮಾತಿನ ತಜ್ಞರು, ಮನಃಶಾಸ್ತ್ರಜ್ಞರು, ಕಣ್ಣು ಪರೀಕ್ಷಕರು, ವಿಶೇಷ ಶಿಕ್ಷಕರು ಒಂದೇ ಕಡೆ ಇರಬೇಕೆಂಬುದು ಅದರ ಕಲ್ಪನೆ. ಎಲ್ಲ ಹುದ್ದೆಗಳೂ ಯಾವಾಗಲೂ ಭರ್ತಿಯಾಗಿರುವುದಿಲ್ಲ. ಯಾರು ಯಾವ ದಿನ ಇರುತ್ತಾರೆ ಎಂದು ಆಶಾ ಅಕ್ಕನಿಂದಲೋ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೋ ಮೊದಲೇ ಫೋನ್ ಮಾಡಿಸಿ ಹೊರಡಿ. ನಿಮ್ಮ ಆಶಾ ಅಕ್ಕ ಥೆರಪಿಯ ಮಾತು ಎತ್ತಿದರು ಎಂದರೆ ತಮ್ಮ ಕೆಲಸ ತಿಳಿದವರು, ಅವರನ್ನು ಜೊತೆಗಿಟ್ಟುಕೊಳ್ಳಿ.

ಹಾಸನವೋ ಚಿಕ್ಕಮಗಳೂರೋ? ನಾನಾದರೆ ಚಿಕ್ಕಮಗಳೂರನ್ನು ಆರಿಸುತ್ತಿದ್ದೆ. ಬೇಲೂರು ಹಾಸನ ಜಿಲ್ಲೆಗೆ ಸೇರಿದ್ದರೂ ಅಲ್ಲಿಂದ ಚಿಕ್ಕಮಗಳೂರು ಸುಮಾರು 25 ಕಿಲೋಮೀಟರ್, ಹಾಸನ ಸುಮಾರು 40. ಮೂಡಿಗೆರೆಯಿಂದಲೂ ಚಿಕ್ಕಮಗಳೂರು ಸುಮಾರು 30 ಕಿಲೋಮೀಟರ್. ಇದನ್ನು ಹೇಳಲು ಕಾರಣವಿದೆ. ಬಾಣಂತನ ಮುಗಿಸಿ ಮಗುವನ್ನು ಗಂಡನ ಮನೆಗೆ ಕರೆದೊಯ್ಯುವ ಹೊತ್ತಿಗೇ ಥೆರಪಿ ನಿಂತುಹೋಗುವುದು ನಮ್ಮ ಕಡೆಯ ದೊಡ್ಡ ತೊಡಕು. ತವರಿನ ಊರಿನ ಥೆರಪಿಸ್ಟ್ ದೂರವಾಗುತ್ತಾರೆ, ಹೊಸಬರನ್ನು ಹುಡುಕುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಐದನೆಯ ತಿಂಗಳಿಗೆ ನೀವು ಮೂಡಿಗೆರೆ ಕಡೆಗೆ ಹೋದರೂ ಅದೇ ಕೇಂದ್ರ, ಅದೇ ಥೆರಪಿಸ್ಟ್ ಉಳಿಯಬೇಕು. ಮಗುವಿನ ಫಿಟ್ಸ್ ಔಷಧಿ ಮತ್ತು ದಾಖಲೆಗಳು ಹಾಸನದಲ್ಲಿವೆ, ಆ ವೈದ್ಯರನ್ನು ಅವರು ಹೇಳಿದ ದಿನಕ್ಕೆ ಕಾಣುತ್ತಿರಿ. ಥೆರಪಿ ಮಾತ್ರ ಹತ್ತಿರದಲ್ಲಿ ಆಗಲಿ. ಮಳೆಗಾಲದಲ್ಲಿ ನಿಮ್ಮ ಕಡೆ ಮರ ಬಿದ್ದು, ಬಸ್ಸು ತಪ್ಪಿ ವಾರಗಟ್ಟಲೆ ಹೋಗಲಾಗದಿರಬಹುದು, ಕಾಫಿ ಕೊಯ್ಲಿನ ಕಾಲದಲ್ಲಿ ಮನೆಯವರಿಗೆ ಬಿಡುವಿರುವುದಿಲ್ಲ. ಇದನ್ನು ಥೆರಪಿಸ್ಟರಿಗೆ ಮೊದಲೇ ಹೇಳಿ, ಮುಂದಿನ ಒಂದು ತಿಂಗಳಿಗೆ ಬೇಕಾದಷ್ಟನ್ನು ಕಲಿತುಕೊಳ್ಳಿ. ಬರಲಾಗದ ವಾರದಲ್ಲಿ ನಿಮ್ಮ ವಿಡಿಯೊ ನೋಡಿ ತಿದ್ದಿ ಹೇಳುವಂತೆ ಕೇಳಿಕೊಳ್ಳಿ.

ಹೋಗುವಾಗ ಆಸ್ಪತ್ರೆಯ ಬಿಡುಗಡೆ ಪತ್ರ, ಸ್ಕ್ಯಾನ್ ಮಾಡಿದ್ದರೆ ಅದರ ಫಿಲ್ಮ್ ಮತ್ತು ವರದಿ, ತಾಯಿ ಕಾರ್ಡ್, ನಿಮ್ಮ ಆಧಾರ್, ಪಡಿತರ ಚೀಟಿ ತೆಗೆದುಕೊಳ್ಳಿ. ಬಿಡುಗಡೆ ಪತ್ರದಲ್ಲಿ ಮಗು ಅಳಲು ಎಷ್ಟು ಹೊತ್ತು ಹಿಡಿಯಿತು, ಆಪ್ಗಾರ್ ಅಂಕ (ಹುಟ್ಟಿದ ಕೂಡಲೇ ಮಗುವಿನ ಸ್ಥಿತಿ ನೋಡಿ ಕೊಡುವ ಅಂಕ) ಎಷ್ಟು, ಭುಜ ಸಿಕ್ಕಿಕೊಂಡಿತ್ತು ಎಂಬ ಉಲ್ಲೇಖ, ಫಿಟ್ಸ್‌ಗೆ ಕೊಟ್ಟ ಔಷಧಿಯ ಹೆಸರು ಮತ್ತು ಪ್ರಮಾಣ ಇವೆಯೇ ನೋಡಿ. ಇಲ್ಲದಿದ್ದರೆ ಪೂರ್ಣ ದಾಖಲೆಯ ಪ್ರತಿಗೆ ಬರಹದಲ್ಲಿ ಅರ್ಜಿ ಕೊಡಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಜಗಳಕ್ಕಾಗಿ ಅಲ್ಲ, ಮುಂದೆ ಮಗುವನ್ನು ನೋಡುವ ಪ್ರತಿಯೊಬ್ಬರಿಗೂ ಅದು ಬೇಕು.

ಖರ್ಚಿನ ವಿಷಯದಲ್ಲಿ, ಡಿಇಐಸಿಯಲ್ಲಿ ಪರೀಕ್ಷೆಗೂ ಥೆರಪಿಗೂ ಹಣ ಕೊಡಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಿಮಗೂ ನಿಮ್ಮ ಅಮ್ಮನಿಗೂ ಟಿಕೆಟ್‌ಗೆ ಹಣ ಕೊಡಬೇಕಿಲ್ಲ. ವಾರವಾರ ಓಡಾಡಬೇಕಾದ ಮನೆಗೆ ಇದು ಸಣ್ಣ ಸಹಾಯವಲ್ಲ. ಶಸ್ತ್ರಚಿಕಿತ್ಸೆ ಬೇಕಾದರೆ ಬಿಪಿಎಲ್ ಚೀಟಿ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆ, ಆದ್ದರಿಂದಲೂ ಜಿಲ್ಲಾ ಆಸ್ಪತ್ರೆಯ ದಾರಿಯಲ್ಲೇ ಹೋಗುವುದು ಒಳ್ಳೆಯದು. ಅಂಗವೈಕಲ್ಯ ಪ್ರಮಾಣಪತ್ರದ ಮಾತು ಈಗಲೇ ಬೇಡ. ಥೆರಪಿ ಶುರು ಮಾಡಲು ಅದು ಬೇಕಿಲ್ಲ, ಯಾರಾದರೂ ಬೇಕೆಂದರೆ ಒಪ್ಪಬೇಡಿ. ಮುಂದೆ ಸೆರೆಬ್ರಲ್ ಪಾಲ್ಸಿ ಎಂದು ಖಚಿತವಾದರೆ ಆಗ ಪ್ರಮಾಣಪತ್ರ ಮಾಡಿಸಿ, ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೆ ಸೇರಿ. ಅದರಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿಯ ವೆಚ್ಚವೂ ಸೇರುತ್ತದೆ. ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆ, ಒತ್ತಡದ ಆಮ್ಲಜನಕ, ಮಿದುಳು ಚುರುಕಾಗುವ ಹನಿಗಳು ಎಂದು ಲಕ್ಷಗಟ್ಟಲೆ ಕೇಳುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಇವು ಯಾವುವೂ ಇಂಥ ಮಕ್ಕಳಿಗೆ ಗುಣವಿದೆ ಎಂದು ಸಾಬೀತಾದ ಚಿಕಿತ್ಸೆಗಳಲ್ಲ. ಆ ದುಡ್ಡಿಗೆ ತೋಟ ಅಡವಿಡಬೇಡಿ.

ಕೊನೆಗೆ, ತೋಟದ ಕೆಲಸದಿಂದ ಹೀಗಾಯಿತೇ ಎಂದು ಕೇಳಿದ್ದೀರಿ. ಇಲ್ಲ. ಭುಜ ಸಿಕ್ಕಿಕೊಳ್ಳುವುದು ಹೆರಿಗೆಯ ಆ ಕೆಲವು ನಿಮಿಷಗಳಲ್ಲಿ ಆಗುವ ಘಟನೆ, ನೀವು ಏಳನೆಯ ತಿಂಗಳಲ್ಲಿ ಗಿಡದ ಬುಡದಲ್ಲಿ ಕೆಲಸ ಮಾಡಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಉತ್ತರವನ್ನು ಮನೆಯವರಿಗೆ ಓದಿ ಹೇಳಿ. ಮಗು ಹೀಗಿರುವಾಗ ತಾಯಿಗೆ ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು, ಮಗುವನ್ನು ಎತ್ತಿಕೊಳ್ಳುವುದೂ ಬೇಡ ಎನಿಸುವುದು ಉಂಟು. ಹಾಗಿದ್ದರೆ ಅದಕ್ಕೂ ಚಿಕಿತ್ಸೆಯಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

ನಿಮಗಾಗಿಯೇ ಇನ್ನೊಂದು ಕೆಲಸ ಬಾಕಿಯಿದೆ. ಮಗು 4 ಕಿಲೋ ಮೀರಲು ಗರ್ಭಿಣಿಯಾಗಿದ್ದಾಗಿನ ಸಕ್ಕರೆ ಕಾಯಿಲೆ ಒಂದು ಸಾಮಾನ್ಯ ಕಾರಣ, ಎಷ್ಟೋ ಸಲ ಅದು ಗೊತ್ತಾಗದೆ ಹೋಗಿರುತ್ತದೆ. ಹೆರಿಗೆಯಾಗಿ ಆರರಿಂದ ಹನ್ನೆರಡು ವಾರದೊಳಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿಸಬೇಕು, ನಿಮಗೆ ಈಗ ಹತ್ತನೆಯ ವಾರ. ಮಗುವನ್ನು ಕರೆದುಕೊಂಡು ಹೋದ ದಿನವೇ ಮಾಡಿಸಿಕೊಳ್ಳಿ. ಮುಂದಿನ ಬಸಿರಿನಲ್ಲಿ ಮೊದಲ ಭೇಟಿಯಲ್ಲೇ, ಮೊದಲನೆಯವನ ಭುಜ ಸಿಕ್ಕಿಕೊಂಡಿತ್ತು ಎಂದು ಹೆರಿಗೆ ತಜ್ಞರಿಗೆ ತಿಳಿಸಿ. ಅದು ಮರುಕಳಿಸುವ ಸಂಭವ ಇತರರಿಗಿಂತ ಹೆಚ್ಚಿರುವುದರಿಂದ ಹೆರಿಗೆ ಹೇಗೆ, ಎಲ್ಲಿ ಆಗಬೇಕೆಂದು ಅವರು ಮೊದಲೇ ಯೋಚಿಸಿ ಇಡುತ್ತಾರೆ.